ಸಫಾರಿ ನಿಂತ ವಾರ



2025ರ ನವೆಂಬರ್ 7, ಶುಕ್ರವಾರ. ಸರಗೂರು ತಾಲ್ಲೂಕಿನ ಕಾಡಂಚಿನ ಹಳ್ಳಿಯೊಂದರಲ್ಲಿ ಹುಲಿ ಮತ್ತೊಬ್ಬ ರೈತನನ್ನು ಕೊಂದುಹಾಕಿತು. ಕೆಲವೇ ವಾರಗಳಲ್ಲಿ ಆ ಸೀಮೆಯಲ್ಲಿ ಹುಲಿ ಬಾಯಿಗೆ ಹೋದ ಮೂರನೇ ಜೀವ ಅದು. ಅದೇ ದಿನ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ನಾಗರಹೊಳೆಯಲ್ಲೂ ಬಂಡೀಪುರದಲ್ಲೂ ಸಫಾರಿ ನಿಲ್ಲಿಸಲು ಹೇಳಿದರು. ಸಫಾರಿಗೆ ಹಚ್ಚಿದ್ದ ಸಿಬ್ಬಂದಿ ಹುಲಿ ಹಿಡಿಯುವ ಕೆಲಸಕ್ಕೆ ಹೋಗಲಿ ಎಂದರು.

ಮರುದಿನ ಎರಡನೇ ಶನಿವಾರ. ನಮ್ಮ ಬಸವೇಶ್ವರನಗರದ ನಂದಿನಿ ಬೂತಿನ ಮುಂದೆ ಹಾಲಿಗೆ ನಿಂತಿದ್ದ ಎದುರುಮನೆಯ ಹುಡುಗ ಮುಖ ಸಿಂಡರಿಸಿಕೊಂಡಿದ್ದ. “ಅಂಕಲ್, ದೀಪಾವಳಿಗೆ ಮುಂಚೆಯೇ ಬುಕ್ ಮಾಡಿದ್ದೆ. ದುಡ್ಡೂ ಕಟ್ಟಾಗಿದೆ. ಹೀಗೆ ಏಕಾಏಕಿ ಬಾಗಿಲು ಹಾಕಿಬಿಟ್ಟರೆ ನಾವೇನು ಮಾಡೋದು?” ಎಂದ. ಮಕ್ಕಳು ಬ್ಯಾಗು ತುಂಬಿಕೊಂಡು ಕೂತಿದ್ದರಂತೆ. ಬೇಜಾರು ಸಹಜವೇ. ಆದರೆ ಆ “ದುಡ್ಡೂ ಕಟ್ಟಾಗಿದೆ” ಅನ್ನುವ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಆ ದುಡ್ಡಿಗೆ ನಮಗೆ ಏನು ಸಿಗುತ್ತದೆ, ನಾವು ಕಟ್ಟದೆ ಬಿಟ್ಟ ಬಾಕಿಯನ್ನು ಯಾರು ತೀರಿಸುತ್ತಿದ್ದಾರೆ, ಇದನ್ನೇ ಇವತ್ತು ನಿಮ್ಮ ಮುಂದೆ ಆಡಬೇಕೆಂದಿದ್ದೇನೆ.

ಪಶ್ಚಿಮ ಬೆಂಗಳೂರಿನವರಾದ ನಮಗೆ ಕಾಡಿನ ದಾರಿ ಬಲು ಹತ್ತಿರ. ರಾಜಾಜಿನಗರದ ಮಗ್ಗುಲಲ್ಲಿ ಮಾಗಡಿ ರಸ್ತೆ, ವಿಜಯನಗರದ ಮಗ್ಗುಲಲ್ಲಿ ಮೈಸೂರು ರಸ್ತೆ. ಇಂದಿರಾನಗರದವರು ಊರು ದಾಟುವಷ್ಟರಲ್ಲಿ ನಾವು ಬಿಡದಿಯಲ್ಲಿ ತಟ್ಟೆ ಇಡ್ಲಿ ಮುಗಿಸಿ ಕೈ ತೊಳೆದಿರುತ್ತೇವೆ. 2023ರ ಮಾರ್ಚ್‌ನಲ್ಲಿ ಮೈಸೂರಿನ ದಶಪಥ ಉದ್ಘಾಟನೆಯಾದ ಮೇಲಂತೂ ಕೆಂಗೇರಿ ದಾಟಿದರೆ ಗಾಡಿ ನಿಲ್ಲಿಸುವ ಕೆಲಸವೇ ಇಲ್ಲ. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವೂ ಪಕ್ಕಕ್ಕೆ ಸರಿದುಹೋಗುತ್ತವೆ. ನಸುಕಿಗೆ ಹೊರಟವರು ಊಟದ ಹೊತ್ತಿಗೆ ಎಚ್.ಡಿ. ಕೋಟೆಯೋ ಗುಂಡ್ಲುಪೇಟೆಯೋ ದಾಟಿ ಮಧ್ಯಾಹ್ನದ ಸಫಾರಿಗೆ ಆರಾಮವಾಗಿ ತಲುಪುತ್ತಾರೆ. ಶನಿವಾರ ನಸುಕಿನಲ್ಲಿ ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ನಿಂತು ನೋಡಿ. ಹಸಿರು ಬಣ್ಣದ ಟೀ ಶರ್ಟು, ಹಸಿರು ಟೋಪಿ, ಸೀಟಿನ ಮೇಲೆ ಮಗುವಿನ ಹಾಗೆ ಬೆಲ್ಟು ಕಟ್ಟಿಸಿಕೊಂಡ ಕ್ಯಾಮೆರಾ. ಎಲ್ಲಿಗೆ ಹೊರಟಿದ್ದಾರೆಂದು ಕೇಳಬೇಕಾಗಿಲ್ಲ.

ಕಾಡೇ ನಮ್ಮ ಹತ್ತಿರ ಬರುತ್ತಿದ್ದ ಕಾಲವೂ ಇತ್ತು. ಬೆಂಗಳೂರಿನಲ್ಲೇ ಬಾಳಿ 1974ರಲ್ಲಿ ತೀರಿಕೊಂಡ ಶಿಕಾರಿ ಕೆನೆತ್ ಆಂಡರ್ಸನ್ ಅವರ ಬೇಟೆಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕತೆಗಳು’ ಎಂದು ಕನ್ನಡಕ್ಕೆ ತಂದರು. ಆ ಮಾಲೆಯ ಎರಡು ಪುಸ್ತಕಗಳ ಹೆಸರು ಕೇಳಿ: ‘ಜಾಲಹಳ್ಳಿಯ ಕುರ್ಕ’, ‘ಮುನಿಶಾಮಿ ಮತ್ತು ಮಾಗಡಿ ಚಿರತೆ’. ಜಾಲಹಳ್ಳಿ ಇವತ್ತು ಮೆಟ್ರೊ ನಿಲ್ದಾಣ. ಮಾಗಡಿ ರಸ್ತೆಯಲ್ಲಿ ಚಿರತೆಗೆ ಬಿಡಿ, ನಮ್ಮ ಸ್ಕೂಟರಿಗೇ ನುಸುಳಲು ಜಾಗ ಸಿಗದು.

ಹಾಗೆಂದು ಚಿರತೆ ನಮ್ಮನ್ನು ಪೂರ್ತಿ ಬಿಟ್ಟುಹೋಗಿಲ್ಲ. ಕೆಂಗೇರಿ ಬಳಿಯ ತುರಹಳ್ಳಿ ಕಾಡಿನ ಆಸುಪಾಸಿನಲ್ಲಿ 2022ರ ಕೊನೆಯಲ್ಲಿ ಚಿರತೆ ಕಾಣಿಸಿಕೊಂಡಾಗ ಅಲ್ಲಿನ ಬಡಾವಣೆಗಳಲ್ಲಿ ಸಂಜೆಯ ವಾಕಿಂಗೇ ನಿಂತುಹೋಯಿತು. ಕಬಿನಿಯಲ್ಲಿ ಚಿರತೆ ನೋಡಲು ಸಾವಿರಾರು ರೂಪಾಯಿ ಸುರಿಯುವ ನಾವೇ ಅದು ನಮ್ಮ ಲೇಔಟಿಗೆ ಬಂದಾಗ “ಬೇಗ ಬೋನಿಡಿ” ಎನ್ನುತ್ತೇವೆ. ತಪ್ಪೆಂದು ನಾನು ಹೇಳುತ್ತಿಲ್ಲ. ಭಯ ಅಂದರೆ ಭಯವೇ. ಸರಗೂರಿನವರ ಭಯವೂ ಅದೇ ಜಾತಿಯದು. ಒಂದೇ ವ್ಯತ್ಯಾಸ, ನಮ್ಮ ಚಿರತೆ ನಾಲ್ಕು ದಿನ ಸುದ್ದಿಯಾಗಿ ಹೋಗುತ್ತದೆ. ಅವರಿಗೆ ಹತ್ತಿ ಬಿಡಿಸುವ ಕಾಲ, ದನ ಹೊಡೆದುಕೊಂಡು ಬರುವ ಸಂಜೆ, ಪಂಪ್‌ಸೆಟ್ಟಿಗೆ ಕರೆಂಟು ಕೊಡುವ ಅರ್ಧರಾತ್ರಿ, ಎಲ್ಲದರಲ್ಲೂ ಅದು ಇದ್ದೇ ಇರುತ್ತದೆ.

ಈಗ ಕಬಿನಿಗೆ ಬರೋಣ. ಪಶ್ಚಿಮ ಬೆಂಗಳೂರಿನ ಸಫಾರಿ ಪ್ರಿಯರಿಗೆ ಕಾಶಿ ಅದೇ ತಾನೆ.

ಕಾಡಿಗೆ ಹೋಗಿ ಬರೀ ನೋಡಿಕೊಂಡು ಬರುವುದು ನಮ್ಮಲ್ಲಿ ತೀರ ಹೊಸ ಪದ್ಧತಿ. ಅದಕ್ಕೆ ಮುಂಚೆ ಶಿಕಾರಿ ಇತ್ತು, ಖೆಡ್ಡ ಇತ್ತು. ಮೈಸೂರು ಅರಸರ ಕಾಲದಲ್ಲಿ ಕಾಕನಕೋಟೆಯ ಕಾಡಿನಲ್ಲಿ ಆನೆಗಳ ಹಿಂಡನ್ನು ತಮಟೆ ಬಡಿದು, ಪಂಜು ಹಿಡಿದು ಕಬಿನಿ ಹೊಳೆಗೆ ಇಳಿಸಿ, ಆಚೆ ದಡದ ದೊಡ್ಡಿಗೆ ಅಟ್ಟುತ್ತಿದ್ದರು. ಅದನ್ನು ನೋಡಲು ವೈಸರಾಯರು, ವಿದೇಶಿ ಅತಿಥಿಗಳು ಬರುತ್ತಿದ್ದರು. ಅವರಿಗಾಗಿ ಅಟ್ಟಣೆ ಕಟ್ಟುತ್ತಿದ್ದರು. ಅಂದರೆ ಕಬಿನಿಯ ಆನೆಗಳಿಗೆ ಪ್ರೇಕ್ಷಕರ ಕಾಟ ನೂರು ವರ್ಷಕ್ಕೂ ಹಳೆಯದು. ಕೊನೆಯ ಖೆಡ್ಡ ನಡೆದದ್ದು 1971ರ ಜನವರಿಯಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಬೇಟೆಗೆ ಬೀಗ ಬಿತ್ತು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಅದು ಅದಕ್ಕೂ ನಾಲ್ಕು ದಶಕ ಮೊದಲಿನಿಂದ, 1931ರಿಂದ, ವನ್ಯಧಾಮವೆಂದು ಅರಸರು ಕಾಪಾಡಿಕೊಂಡು ಬಂದಿದ್ದ ಕಾಡು.

1974ರಲ್ಲಿ ಬೀಚನಹಳ್ಳಿಯ ಹತ್ತಿರ ಕಬಿನಿಗೆ ಅಣೆಕಟ್ಟು ಕಟ್ಟಿ ಮುಗಿಸಿದರು. ಖೆಡ್ಡ ನಡೆಯುತ್ತಿದ್ದ ಕಾಕನಕೋಟೆ ಕಾಡಿನ ದೊಡ್ಡ ಭಾಗ, ಅದರ ಜತೆಗೆ ಹಳ್ಳಿಗಳು, ಆದಿವಾಸಿಗಳ ಹಾಡಿಗಳು ನೀರಿನಡಿ ಹೋದವು. ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಬಂಡೀಪುರ, ನಡುವೆ ಹೊಳೆಯಿದ್ದ ಜಾಗದಲ್ಲಿ ಕೆರೆಯಂಥ ಹಿನ್ನೀರು. ಬೇಸಿಗೆಯಲ್ಲಿ ಈ ಹಿನ್ನೀರು ಇಳಿಯುತ್ತಾ ಹೋದ ಹಾಗೆ ಬಯಲಾದ ಮಣ್ಣಿನಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಸುತ್ತಲ ಕಾಡೆಲ್ಲ ಒಣಗಿ ಎಲೆ ಉದುರಿಸಿ ನಿಂತಿರುವಾಗ ಹಸಿರೂ ನೀರೂ ಒಂದೇ ಕಡೆ ಸಿಗುವ ಜಾಗ ಅದೊಂದೇ. ಮಾರ್ಚ್‌ನಿಂದ ಮೇ ತನಕ ಆನೆಗಳು ನೂರರ ಲೆಕ್ಕದಲ್ಲಿ ಅಲ್ಲಿಗೆ ಇಳಿಯುವುದು ಅದಕ್ಕೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಟ್ಟುಸೇರುವ ಜಾಗ ಬಹಳ ಕಡಿಮೆ. ಪ್ರಕೃತಿಯ ಸೊಬಗು ಎಂದು ನಾವು ಫೋಟೊ ತೆಗೆದು ಗೋಡೆಗೆ ತೂಗುಹಾಕುವ ಆ ನೋಟ ನೀರಾವರಿ ಇಲಾಖೆಯ ಕೃಪೆ. ಅದಕ್ಕೆ ಮುಳುಗಿದ ಹಳ್ಳಿಗಳು ಫೋಟೊದಲ್ಲಿ ಬರುವುದಿಲ್ಲ.

1980ರಲ್ಲಿ ರಾಜ್ಯ ಸರ್ಕಾರ ಜಂಗಲ್ ಲಾಡ್ಜಸ್ ಸಂಸ್ಥೆ ಶುರುಮಾಡಿತು. ಕಬಿನಿ ದಡದಲ್ಲಿ ಮಹಾರಾಜರ ಬೇಟೆಯ ಬಂಗಲೆಯಿದ್ದ ತಾಣದಲ್ಲಿ ಅದರ ಹೆಸರು ಬೆಳೆಯಿತು. ಅಲ್ಲಿಯೇ ನೆಲೆಸಿದ್ದ ಕರ್ನಲ್ ಜಾನ್ ವೇಕ್‌ಫೀಲ್ಡ್ ಒಂದು ಕಾಲದ ಶಿಕಾರಿ; ಕೊನೆಗೆ ಬಂದ ಅತಿಥಿಗಳಿಗೆಲ್ಲ ಕಾಡಿನ ಪಾಠ ಹೇಳುವ ‘ಪಾಪಾ’ ಆದರು. 2010ರಲ್ಲಿ ತೀರಿಕೊಂಡರು. ಅದೇ ನಾಗರಹೊಳೆಯಲ್ಲಿ ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು ಮರಕ್ಕೆ ಕ್ಯಾಮೆರಾ ಕಟ್ಟಿ, ಪಟ್ಟೆಗಳ ಗುರುತು ಹಿಡಿದು, ಹುಲಿ ಎಣಿಸುವ ಪದ್ಧತಿಯನ್ನು ರೂಢಿಸಿದರು. ಅದೇ ಕಾಡಿನಲ್ಲಿ 1967ರಿಂದ 1993ರವರೆಗೆ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರು ಕಳ್ಳಬೇಟೆಯವರ ಕೋವಿಗೆ ಎದೆಯೊಡ್ಡಿ ನಿಂತಿದ್ದರು. ಇವತ್ತು ನಾವು ಕುಳಿತಲ್ಲೇ ಹುಲಿ ನೋಡುತ್ತಿದ್ದರೆ ಅದರ ಹಿಂದೆ ಇಂಥವರ ದುಡಿಮೆ ಇದೆ. 2022ರ ಎಣಿಕೆಯಲ್ಲಿ ರಾಜ್ಯದಲ್ಲಿ 563 ಹುಲಿ. ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141.

ಆಗಲೇ ಕಬಿನಿ ನೀರಿನ ಮಾತು ಬಂತಲ್ಲ, ಅದರದೇ ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. ಒಂದು ಕಾಲಕ್ಕೆ ನಮ್ಮ ಪಶ್ಚಿಮ ಬಡಾವಣೆಗಳ ನಲ್ಲಿಗಳಲ್ಲಿ ಬರುತ್ತಿದ್ದದ್ದು ಮಾಗಡಿ ರಸ್ತೆ ಆಚೆಯ ತಿಪ್ಪಗೊಂಡನಹಳ್ಳಿ ನೀರು. ಅದು ನಿಂತ ಮೇಲೆ ನಮಗೆ ಕಾವೇರಿಯೇ ಗತಿ. ಆ ಕಾವೇರಿ ನೀರನ್ನು ಎತ್ತುವುದು ಶಿವನಸಮುದ್ರದ ಹತ್ತಿರ. ಅದಕ್ಕೂ ಬಹಳ ಮೇಲೆ, ತಿರುಮಕೂಡಲು ನರಸೀಪುರದಲ್ಲಿ ಕಬಿನಿ ಬಂದು ಕಾವೇರಿಗೆ ಸೇರಿಕೊಂಡಿರುತ್ತದೆ. ವಯನಾಡು, ನಾಗರಹೊಳೆ, ಬಂಡೀಪುರದ ಕಾಡುಗಳು ಸೋಸಿ ಬಿಟ್ಟ ನೀರನ್ನೇ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ನಮ್ಮ ಸಂಪುಗಳಿಗೆ ತುಂಬುತ್ತಾರೆ. ಆಮೇಲೆ ನಾವು ಅದನ್ನು ಬಳಸಿ ಚೆಲ್ಲಿದ್ದು ಎಲ್ಲಿಗೆ ಹೋಗುತ್ತದೆ? ರಾಜಾಜಿನಗರ, ವಿಜಯನಗರ, ಕೆಂಗೇರಿಯ ಕೊಳಚೆ ವೃಷಭಾವತಿಗೆ, ವೃಷಭಾವತಿ ಬೈರಮಂಗಲ ಕೆರೆಗೆ, ಅಲ್ಲಿಂದ ಅರ್ಕಾವತಿಗೆ, ಅರ್ಕಾವತಿ ಕನಕಪುರದ ಆಚೆ ಸಂಗಮದಲ್ಲಿ ಮತ್ತೆ ಕಾವೇರಿಗೆ. ಸಂಗಮ ಇರುವುದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮದಲ್ಲಿ. ಒಂದು ಕಾಡಿನಿಂದ ಶುದ್ಧ ನೀರು ತರಿಸಿಕೊಂಡು ಇನ್ನೊಂದು ಕಾಡಿಗೆ ನೊರೆ ಕಳಿಸುತ್ತಿದ್ದೇವೆ. ಸಫಾರಿ ಟಿಕೆಟ್ಟಿನಲ್ಲಿ ಇದಕ್ಕೇನೂ ಶುಲ್ಕ ಹಾಕುವುದಿಲ್ಲ.

ಇನ್ನು ಸಫಾರಿ. ಬಂಡೀಪುರದ ಸಂಜೆಯೊಂದನ್ನು ಹೇಳುತ್ತೇನೆ. ಅರಣ್ಯ ಇಲಾಖೆಯ ಮಿನಿಬಸ್ಸು, ಕಿಟಕಿಗೆ ಸರಳು. ಮೇಲುಕಾಮನಹಳ್ಳಿಯಿಂದ ಹೊರಟು ಕಾಡಿನ ಮಣ್ಣುರಸ್ತೆಗೆ ಇಳಿಯುವ ಮೊದಲೇ ಮುಂದಿನ ಸೀಟಿನವರೊಬ್ಬರು ಡ್ರೈವರನ್ನು ಕೇಳಿದರು: “ಏನಪ್ಪಾ, ಇವತ್ತು ಹುಲಿ ಗ್ಯಾರಂಟಿ ತಾನೆ?” ಅವನು ಕನ್ನಡಿಯಲ್ಲಿ ನೋಡಿ ಹೇಳಿದ: “ಅದ್ಕೇನ್ ನಾವ್ ಸಂಬ್ಳ ಕೊಡ್ತೀವಾ ಸಾರ್, ಟೈಮಿಗ್ ಸರ್ಯಾಗ್ ಬರಕ್ಕೆ?”

ರಸ್ತೆಯ ಎರಡೂ ಬದಿಗೆ ಒಂದಿಷ್ಟು ಅಗಲಕ್ಕೆ ಪೊದೆ ಸವರಿರುತ್ತಾರೆ, ವ್ಯೂ ಲೈನ್ ಎಂದು ಅದಕ್ಕೆ ಹೆಸರು. ಅದರಾಚೆ ಲಾಂಟಾನ. ಎಲ್ಲೆಲ್ಲೂ ಲಾಂಟಾನ. ಅಮೆರಿಕದ ಕಡೆಯ ಗಿಡ, ಬ್ರಿಟಿಷರು ತೋಟದ ಅಂದಕ್ಕೆಂದು ತಂದದ್ದು. ಬಂಡೀಪುರದ ನೆಲವನ್ನು ಅದು ನುಂಗುತ್ತಾ ಬಂದಿದೆ. ಅದರ ಬುಡದಲ್ಲಿ ಹುಲ್ಲು ಏಳುವುದಿಲ್ಲ. ಹುಲ್ಲಿಲ್ಲದಲ್ಲಿ ಜಿಂಕೆ, ಕಾಟಿಗಳಿಗೆ ಮೇವಿಲ್ಲ. ಬಸ್ಸಿನಲ್ಲಿದ್ದ ಹೆಂಗಸೊಬ್ಬರು “ಎಷ್ಟು ಚೆನ್ನಾಗಿ ಹಸಿರಾಗಿದೆ ನೋಡಿ” ಎಂದು ಮಗಳಿಗೆ ತೋರಿಸುತ್ತಿದ್ದರು. ಪಾಪ, ಅವರದೇನು ತಪ್ಪು, ಬಸ್ಸಿನೊಳಗಿಂದ ಎಲ್ಲ ಹಸಿರೂ ಒಂದೇ.

ಒಂದು ತಿರುವಿನಲ್ಲಿ ಡ್ರೈವರು ಎಂಜಿನ್ ಆರಿಸಿದ. ಮತ್ತಿ ಮರದ ತುದಿಯಲ್ಲಿ ಮುಸುವವೊಂದು ಕೆಮ್ಮಿದ ಹಾಗೆ ಖೊಕ್, ಖೊಕ್ ಅನ್ನುತ್ತಿತ್ತು. ಕೆಳಗೆ ಮೇಯುತ್ತಿದ್ದ ಚುಕ್ಕೆ ಜಿಂಕೆಗಳು ತಲೆಯೆತ್ತಿ ಎಲ್ಲವೂ ಒಂದೇ ದಿಕ್ಕಿಗೆ ಮುಖಮಾಡಿ ನಿಂತಿದ್ದವು. ಒಂದು ಹೆಣ್ಣು ಜಿಂಕೆ ಬಾಲ ನಿಮಿರಿಸಿ ಮುಂಗಾಲಿನಿಂದ ನೆಲವನ್ನು ತಟ್ಟಿತು. ಸ್ವಲ್ಪ ತಡೆದು ಮತ್ತೆ ತಟ್ಟಿತು. ಮುಸುವ ಮೇಲಿಂದ ಉದುರಿಸುವ ಎಲೆ, ಕಾಯಿ ಜಿಂಕೆಗೆ. ಜಿಂಕೆಯ ಮೂಗು, ಕಿವಿ ಮುಸುವಕ್ಕೆ. ಹೀಗೆ ಎರಡೂ ಜತೆಗಿರುತ್ತವೆ. ಹುಲಿಯನ್ನು ಹುಡುಕುವ ಡ್ರೈವರುಗಳೆಲ್ಲ ಬದುಕುವುದು ಈ ಜೋಡಿಯ ನಂಬಿಕೆಯ ಮೇಲೆ. ಅದಕ್ಕಿಂತ ನಂಬಿಕೆ ಕಡವೆಯ ಮೇಲೆ. ಜಿಂಕೆ ಸುಮ್ಮಸುಮ್ಮನೆ ಬೆಚ್ಚುವುದುಂಟು, ಕಡವೆ ಕೂಗಿದರೆ ಅಲ್ಲಿ ಏನೋ ಇದ್ದೇ ಇದೆ ಎನ್ನುತ್ತಾರೆ.

ಅಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಚಿಪ್ಸ್ ಪೊಟ್ಟಣ ಹರಿದ ಸದ್ದು. ಇನ್ನೊಬ್ಬರ ಫೋನು ಮೊಳಗಿತು. ಜಿಂಕೆ ಓಡಲಿಲ್ಲ, ಅವಕ್ಕೆ ನಾವು ರೂಢಿಯಾಗಿಹೋಗಿದ್ದೇವೆ. ಹತ್ತು ನಿಮಿಷ ಕಾದೆವು. ಲಾಂಟಾನದ ಒಳಗಿಂದ ಏನೂ ಹೊರಗೆ ಬರಲಿಲ್ಲ. ಡ್ರೈವರು ಕೆಳಗೆ ನೋಡಿ ಎಂದ. ರಸ್ತೆಯ ಧೂಳಿನಲ್ಲಿ, ನಮ್ಮ ಮುಂದೆ ಹೋಗಿದ್ದ ಜೀಪಿನ ಟೈರಿನ ಗುರುತಿನ ಮೇಲೆ, ಹುಲಿಯ ಹೆಜ್ಜೆ ಬಿದ್ದಿತ್ತು. ಜೀಪು ಹೋದ ಮೇಲೆ, ನಾವು ಬರುವ ಮೊದಲು, ಅದು ದಾಟಿಹೋಗಿತ್ತು. ಮುಂದಿನ ಸೀಟಿನವರು “ಛೇ, ವೇಸ್ಟ್” ಎಂದರು. ನನ್ನ ಮಟ್ಟಿಗೆ ಆ ಸಂಜೆಗೆ ಅಷ್ಟು ಸಾಕಾಗಿತ್ತು.

ಬಾಕಿಯ ವಿಷಯಕ್ಕೆ ಬರುತ್ತೇನೆ. ಹುಲಿಯೊಂದಕ್ಕೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿ ಬೇಕು, ವಾರಕ್ಕೊಂದರಂತೆ. ಅಷ್ಟನ್ನು ಒದಗಿಸಬೇಕಾದರೆ ಕಾಡಿನಲ್ಲಿ 500ರಷ್ಟು ಜಿಂಕೆ, ಕಡವೆ, ಕಾಟಿಗಳಿರಬೇಕು ಎಂಬುದು ಉಲ್ಲಾಸ ಕಾರಂತರ ಲೆಕ್ಕ. ಹುಲಿ ಹೆಚ್ಚಿದೆ, ಕಾಡು ಹೆಚ್ಚಿಲ್ಲ. ಪ್ರಾಯದ ಹುಲಿ ತನ್ನ ಗಡಿ ಹುಡುಕುತ್ತದೆ. ಮುದಿಯಾದದ್ದು, ಜಗಳದಲ್ಲಿ ಗಾಯಗೊಂಡದ್ದು ಕಾಡಿನ ಅಂಚಿಗೆ ತಳ್ಳಿಸಿಕೊಳ್ಳುತ್ತದೆ. ಅಲ್ಲಿ ಕಟ್ಟಿಹಾಕಿದ ದನ ಸುಲಭದ ತುತ್ತು. ಆಮೇಲೆ ನಡೆಯುವುದೇ ನವೆಂಬರ್‌ನಲ್ಲಿ ನಡೆದದ್ದು. ಸಫಾರಿ ವಾಹನಗಳ ಕಾಟಕ್ಕೆ, ರೆಸಾರ್ಟುಗಳ ಬೆಳಕಿಗೆ ಹುಲಿ ಊರಿಗೆ ಬರುತ್ತಿದೆ ಎಂದು ಆ ಭಾಗದ ರೈತರು ವಾದಿಸುತ್ತಾರೆ. ಜೀಪಿನ ಸದ್ದೊಂದೇ ಹುಲಿಯನ್ನು ಹೊಲಕ್ಕೆ ಅಟ್ಟುತ್ತದೆ ಎಂಬುದನ್ನು ನಾನು ಪೂರ್ತಿ ಒಪ್ಪುವವನಲ್ಲ. ಪಕ್ಕದಲ್ಲೇ ಬಸ್ಸು ನಿಂತರೂ ಕಣ್ಣುಮುಚ್ಚಿ ಮಲಗುವ ಹುಲಿಗಳನ್ನು ನೋಡಿದವರು ನಿಮ್ಮಲ್ಲೂ ಇದ್ದೀರಿ. ಆದರೆ ಆ ರೈತರ ಇನ್ನೊಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಕಾಡಿನಿಂದ ಬರುವ ದುಡ್ಡು ಒಬ್ಬರಿಗೆ, ಕಾಡಿನಿಂದ ಬರುವ ಹುಲಿ ಇನ್ನೊಬ್ಬರಿಗೆ, ಇದು ಯಾವ ನ್ಯಾಯ?

ಒಂದು ರಾತ್ರಿಗೆ ಹತ್ತಾರು ಸಾವಿರ ಕೊಡುವ ಕೋಣೆಯ ಕಿಟಕಿಯಿಂದ ಕಾಣುವುದು ಅದೇ ಹಿನ್ನೀರು, ಸೌರಬೇಲಿಯ ಪಕ್ಕದ ಮಂಚಿಕೆಯಲ್ಲಿ ಟಾರ್ಚು ಹಿಡಿದು ರಾಗಿ ಕಾಯುವವನಿಗೆ ಕಾಣುವುದೂ ಅದೇ ಹಿನ್ನೀರು. ಕಾಡಿನೊಳಗಿದ್ದ ಜೇನುಕುರುಬರ ಕತೆಯಂತೂ ಇನ್ನೂ ಕಷ್ಟದ್ದು. ಕಾಡು ಕಾಯಲು ಎಂದು ಅವರನ್ನು ಹಾಡಿಗಳಿಂದ ಎಬ್ಬಿಸಿದರು. ಅದೇ ನಾಗರಹೊಳೆಯೊಳಗೆ ಪಂಚತಾರಾ ಹೋಟೆಲಿಗೆ ಜಾಗ ಕೊಟ್ಟರು. ಆದಿವಾಸಿಗಳು ಬೀದಿಗಿಳಿದು, ನ್ಯಾಯಾಲಯಕ್ಕೆ ಹೋದರು; 1997ರಲ್ಲಿ ಹೈಕೋರ್ಟು ಆ ಗುತ್ತಿಗೆ ಕಾನೂನಿಗೆ ವಿರುದ್ಧ ಎಂದಿತು. ಹೋಟೆಲು ತೆರೆಯಲಿಲ್ಲ. ಕಳ್ಳಬೇಟೆ ತಡೆ ಶಿಬಿರಗಳಲ್ಲಿ, ಸುತ್ತ ಕಂದಕ ತೋಡಿದ ಆ ಪುಟ್ಟ ಮನೆಗಳಲ್ಲಿ, ದಿನಗೂಲಿಗೆ ಕಾಡು ಕಾಯುವವರಲ್ಲಿ ಬಹಳ ಮಂದಿ ಇವತ್ತೂ ಅವರೇ. ನಮ್ಮ ಸಫಾರಿ ಬಸ್ಸು ಅಂಥ ಶಿಬಿರದ ಮುಂದೆ ಹಾದಾಗ ಅವರು ಕೈಬೀಸುತ್ತಾರೆ, ನಾವು ಜಿಂಕೆ ಎಂದು ಕ್ಯಾಮೆರಾ ಎತ್ತಿದವರು ಇಳಿಸಿಬಿಡುತ್ತೇವೆ.

ಸುಪ್ರೀಂ ಕೋರ್ಟೂ ಇದರೊಳಗೆ ತಲೆಹಾಕಿದೆ. 2012ರ ಜುಲೈನಲ್ಲಿ ಹುಲಿ ಕಾಡುಗಳ ನಟ್ಟನಡುವೆ ಪ್ರವಾಸವೇ ಬೇಡ ಎಂದು ತಡೆಯಿತು. ಅಕ್ಟೋಬರ್‌ನಲ್ಲಿ ತಡೆ ತೆರವಾಯಿತು. ಹೊಸ ಮಾರ್ಗಸೂಚಿ ಬಂತು: ಕೋರ್ ಪ್ರದೇಶದ ಶೇ 20ಕ್ಕಿಂತ ಹೆಚ್ಚು ಭಾಗವನ್ನು ಪ್ರವಾಸಕ್ಕೆ ತೆರೆಯುವ ಹಾಗಿಲ್ಲ, ಅಲ್ಲಿ ಪ್ರವಾಸಕ್ಕೆಂದು ಹೊಸ ಶಾಶ್ವತ ಕಟ್ಟಡ ಕೂಡದು. ಅಂದರೆ ನಾವು ನೋಡುವುದು ಕಾಡಿನ ಒಂದು ಪಡಸಾಲೆಯನ್ನು. ಅಲ್ಲಿಯವರೆಗೆ ಬರಗೊಡುವುದೂ ಬರಗೊಡದಿರುವುದೂ ಕಾಡಿನ ಸ್ಥಿತಿಗತಿಗೆ ಬಿಟ್ಟದ್ದು. ಬೆಂಕಿ ಬಿದ್ದರೆ ಮುಚ್ಚುತ್ತಾರೆ. 2019ರ ಫೆಬ್ರವರಿಯಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸುತ್ತ ಬಂಡೀಪುರ ಉರಿದದ್ದು ನಿಮಗೆ ನೆನಪಿರಬಹುದು. ಮನುಷ್ಯರು ಸತ್ತರೆ ಮುಚ್ಚುತ್ತಾರೆ. ಮುಚ್ಚಬೇಕು. ಹುಲಿ ಹಿಡಿಯಲು ಬೇಕಾದ ಆನೆ, ಜೀಪು, ಅನುಭವಸ್ಥ ಸಿಬ್ಬಂದಿ ಇರುವುದೇ ಅಷ್ಟು. ಅದನ್ನು ನಮಗೆ ಕಾಡು ತೋರಿಸಲು ಇಟ್ಟುಕೊಂಡು, ಹೆಣದ ಮುಂದೆ ಅಳುತ್ತಿರುವ ಊರಿಗೆ ನಾಳೆ ಬರುತ್ತೇವೆ ಎನ್ನಲಾದೀತೆ?

ಹಾಗಾದರೆ ಸಫಾರಿಯೇ ಬೇಡವೆ ಎಂದು ಕೇಳಬಹುದು. ಬೇಕು. ಆ ಊರುಗಳ ಎಷ್ಟೋ ಹುಡುಗರು ಡ್ರೈವರುಗಳಾಗಿ, ಅಡಿಗೆಯವರಾಗಿ, ನ್ಯಾಚುರಲಿಸ್ಟುಗಳಾಗಿ ದುಡಿಯುತ್ತಿರುವುದು ಇದರಿಂದಲೇ. ಕಾಡಿನೊಳಗೆ ನಾಲ್ಕು ಜನ ಓಡಾಡುವುದು ಕಳ್ಳಬೇಟೆಯವನಿಗೂ ಒಂದು ಅಂಕೆ. ಕಾಡನ್ನು ಒಮ್ಮೆಯೂ ನೋಡದ ಮಗು ಮುಂದೆ ಅದರ ಪರವಾಗಿ ಮಾತಾಡುವುದಾದರೂ ಹೇಗೆ? ಹೋಗಿ, ಆದರೆ ದೊಡ್ಡ ಗುಂಪು ಕಟ್ಟಿಕೊಂಡು ಹೋಗಬೇಡಿ. ಆದಷ್ಟು ಅರಣ್ಯ ಇಲಾಖೆಯ ಬಸ್ಸಿನಲ್ಲೇ ಹೋಗಿ. ಅಗ್ಗ, ಎತ್ತರವಾಗಿ ಕೂರಬಹುದು, ಇಪ್ಪತ್ತು ಜನಕ್ಕೆ ಒಂದೇ ಎಂಜಿನ್ನು. ತಂಗುವುದಾದರೆ ಊರಿನವರೇ ನಡೆಸುವ ಮನೆಗಳನ್ನು ವಿಚಾರಿಸಿ. ಗೋಪಾಲಸ್ವಾಮಿ ಬೆಟ್ಟಕ್ಕೆ ಸ್ವಂತ ಗಾಡಿ ಬಿಡುವುದಿಲ್ಲ, ತಪ್ಪಲಿನಿಂದ ಕೆಎಸ್‌ಆರ್‌ಟಿಸಿ ಬಸ್ಸಿದೆ. ಅದು ಒಳ್ಳೆಯ ಏರ್ಪಾಡು, ಗೊಣಗಬೇಡಿ.

ಹೆದ್ದಾರಿಯ ವಿಷಯದಲ್ಲಿ ಮಾತ್ರ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಬಂಡೀಪುರದ ಮೂಲಕ ಹಾದು ಊಟಿಗೂ ವಯನಾಡಿಗೂ ಹೋಗುವ ರಸ್ತೆಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಹಗಲಲ್ಲಿ ಓಡಾಡಲು ಬಿಟ್ಟಿದ್ದಾರೆ ಎಂದರೆ ನಿಲ್ಲಿಸಲು ಬಿಟ್ಟಿದ್ದಾರೆ ಎಂದಲ್ಲ. ಕೋತಿಗೆ ಬ್ರೆಡ್ಡು, ಆನೆಗೆ ಕ್ಯಾರೆಟ್ಟು ಎಸೆಯುತ್ತಾ ಹೋದದ್ದರ ಫಲವಾಗಿ ಅಲ್ಲಿ ಈಗ ತರಕಾರಿ ಲಾರಿಗಳನ್ನೇ ಅಡ್ಡಗಟ್ಟುವ ಆನೆಗಳಿವೆ. 2025ರ ಆಗಸ್ಟ್‌ನಲ್ಲಿ ಕೆಕ್ಕನಹಳ್ಳದ ಹತ್ತಿರ ಕಾರಿನಿಂದಿಳಿದು ಆನೆಯ ಜತೆ ಸೆಲ್ಫಿಗೆ ಹೋದವರೊಬ್ಬರನ್ನು ಅದು ಅಟ್ಟಿಸಿಕೊಂಡು ಬಂದು ಕೆಡವಿತು. ಆಯುಷ್ಯ ಗಟ್ಟಿಯಿತ್ತು, ಬದುಕಿಕೊಂಡರು. ಇಲಾಖೆ 25,000 ರೂಪಾಯಿ ದಂಡ ಹಾಕಿತು. ಆ ವಿಡಿಯೊ ನಮ್ಮೆಲ್ಲರ ಫೋನಿಗೂ ಬಂದಿತ್ತು, ನಗುವ ಗೊಂಬೆಯ ಚಿತ್ರಗಳ ಸಮೇತ.

ಕೊನೆಯದಾಗಿ, ಸಫಾರಿ ನಿಂತಾಗ ಮಕ್ಕಳನ್ನು ಕರೆದುಕೊಂಡು ಹೋಗಲು ನಮ್ಮ ಮೈಸೂರು ರಸ್ತೆಯಲ್ಲೇ ಜಾಗಗಳಿವೆ. ದಶಪಥ ಬಿಟ್ಟು ಸರ್ವಿಸ್ ರಸ್ತೆಗೆ ಇಳಿಯಬೇಕು, ಅಷ್ಟೇ. ರಾಮನಗರದ ರಾಮದೇವರ ಬೆಟ್ಟ ಎಂದರೆ ನಮಗೆ ‘ಶೋಲೆ’ ಚಿತ್ರ. ಅದೇ ಬೆಟ್ಟದ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಬೆರಳೆಣಿಕೆಯಲ್ಲಿ ಉಳಿದುಕೊಂಡವೆಂದು 2012ರಲ್ಲಿ ಅದನ್ನು ರಣಹದ್ದು ಧಾಮ ಮಾಡಿದರು, ದೇಶದಲ್ಲೇ ಮೊದಲನೆಯದು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮಾಂಸದ ಮೂಲಕ ದೇಶದ ರಣಹದ್ದುಗಳನ್ನು ಬಲಿ ತೆಗೆದುಕೊಂಡಿತು. 2006ರಲ್ಲಿ ಪಶುಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸುವ ಹೊತ್ತಿಗೆ ಬಹಳ ತಡವಾಗಿತ್ತು. ಶ್ರೀರಂಗಪಟ್ಟಣದ ಹತ್ತಿರ ರಂಗನತಿಟ್ಟು ಎಲ್ಲರಿಗೂ ಗೊತ್ತು. ಸಲೀಂ ಅಲಿಯವರ ಮಾತಿಗೆ ಬೆಲೆಕೊಟ್ಟು 1940ರಲ್ಲಿ ಮೈಸೂರು ಅರಸರು ಕಾಪಿಟ್ಟ ಪಕ್ಷಿಧಾಮ.

ಇವೆರಡರ ನಡುವೆ, ರುದ್ರಾಕ್ಷಿಪುರದ ಹತ್ತಿರ ತಿರುಗಿದರೆ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಬೇಲಿಯಿಲ್ಲ, ಜೀಪಿಲ್ಲ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ, ಅತ್ತಿ, ಅರಳಿ ಮರಗಳಲ್ಲಿ ಮನೆಗಳ ನಡುವೆಯೇ ಗೂಡು ಕಟ್ಟುತ್ತವೆ. ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಅವನ್ನು ಕಾಣುತ್ತಾರೆ. ಹಕ್ಕಿ ಕೂತ ಮರದಲ್ಲಿ ಹುಣಸೆ ಬಡಿಯುವ ಹಾಗಿಲ್ಲ, ಫಸಲು ಹೋಗುತ್ತದೆ. ಅದಕ್ಕೆಂದು ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತಾ ಬಂದಿದೆ. 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿದರು. ಕಾಡಂಚಿನ ಊರಿಗೆ ಸಿಗಬೇಕಾದ ಮರ್ಯಾದೆ, ಪರಿಹಾರ ಹೇಗಿರಬೇಕು ಎಂಬುದರ ಒಂದು ಸಣ್ಣ ಮಾದರಿ ನಮ್ಮ ಕೆಂಗೇರಿಯಿಂದ ಒಂದೂವರೆ ಗಂಟೆಯ ದಾರಿಯಲ್ಲೇ ಇದೆ.

ಡಿಸೆಂಬರ್ ಕೊನೆಯಿಂದ ಮೇವರೆಗೆ ಯಾವಾಗ ಹೋದರೂ ಅಲ್ಲಿ ಹಕ್ಕಿಗಳಿರುತ್ತವೆ. ಊರಿನ ಅಂಗಡಿಯಲ್ಲೇ ಟೀ ಕುಡಿಯಿರಿ. ಮರದ ಕೆಳಗೆ ನಿಲ್ಲುವವರು ತಲೆಗೊಂದು ಟೋಪಿ ಹಾಕಿಕೊಂಡೇ ನಿಲ್ಲಿ.